ಅಮ್ಮನ ವಂದನಾರ್ಪಣೆ

ಬಿಸಿಯಾದ ಆಂಪ್ಲಿಫೈಯರಿನ ಧೂಳು ಸುಟ್ಟ ವಾಸನೆ ಬಂದರೆ ಸಾಕು, ಉಪನ್ಯಾಸ ಮುಗಿದು ಎಲ್ಲರೂ ಎದ್ದರೂ ನಾನು ವಂದನಾರ್ಪಣೆಗೆಂದು ಕುಳಿತೇ ಇರುತ್ತೇನೆ.

ಅಮ್ಮ ಅರಸೀಕೆರೆಯ ಕಾಲೇಜೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಹಳೇಬೀಡಿನ ಶಿಲ್ಪದ ಬಗ್ಗೆ ಮಾತಾಡಲು ವಿಶ್ವವಿದ್ಯಾಲಯದಿಂದ ಪ್ರೊಫೆಸರೊಬ್ಬರು ಬಂದಾಗ, ವಂದನಾರ್ಪಣೆಯನ್ನು ಮೊದಲ ಸಲ ಅವಳಿಗೆ ವಹಿಸಿದ್ದರು. ವಾರವೆಲ್ಲ ಸಾರಿಗೆ ಒಗ್ಗರಣೆ ಹಾಕುತ್ತಲೇ ಅದನ್ನು ಬಾಯಿಪಾಠ ಮಾಡಿದ್ದಳು.

ಪ್ರೊಫೆಸರು ಮಾತಿನ ಭರದಲ್ಲಿ ಹೊತ್ತು ಮರೆತರು. ಕೊನೆಗೆ ಪ್ರಿನ್ಸಿಪಾಲರು ಗಡಿಯಾರ ನೋಡಿ, “ವಂದನಾರ್ಪಣೆ ಇರ್ಲಿ ಬಿಡಿ ಮೇಡಂ, ಸಾರ್‌ಗೆ ಟ್ರೈನ್ ತಪ್ಪೋಗುತ್ತೆ” ಎಂದು ಅವರನ್ನು ಸ್ಟೇಷನ್ನಿಗೆ ಹೊರಡಿಸಿದರು. ಅವರ ಹಿಂದೆಯೇ, ಅಮ್ಮನ ಜೊತೆ ಬಂದಿದ್ದ ನನ್ನೊಬ್ಬಳನ್ನು ಬಿಟ್ಟು, ಹಾಲ್ ಖಾಲಿಯಾಯಿತು. ಅಮ್ಮ ಮದುವೆಯ ರೇಷ್ಮೆ ಸೀರೆಯಲ್ಲಿ ವೇದಿಕೆಯ ಮೆಟ್ಟಿಲ ಬಳಿ ನಿಂತೇ ಇದ್ದಳು.

ವೈರು ಸುತ್ತಲು ಬಂದ ಮೈಕ್‌ಸೆಟ್ಟಿನವನು ಅವಳನ್ನು ನೋಡಿ, “ನಿಮ್ದು ಇನ್ನೂ ಐತಲ್ಲಕ್ಕಾ?” ಎಂದ.

“ಕೇಳೋರ್ ಯಾರಪ್ಪ?”

“ನಾನಿಲ್ವಾ? ಯಾವಾಗ್ಲೂ ನಂಗೆ ಥ್ಯಾಂಕ್ಸ್ ಹೇಳೋ ಹೊತ್ಗೆ ವೈರ್ ಬಿಚ್ತಾ ಇರ್ತೀನಿ. ಇವತ್ತು ಕೇಳ್ತೀನಿ, ಹೇಳಿ.”

ಅಮ್ಮ ವೇದಿಕೆ ಹತ್ತಿದಳು. ಹೊರಟುಹೋಗಿದ್ದ ಪ್ರೊಫೆಸರಿಗೆ, ಪ್ರಿನ್ಸಿಪಾಲರಿಗೆ, ಕುರ್ಚಿ ಹಾಕಿದವರಿಗೆ, ಒಂದು ಮಾತೂ ಬಿಡದೆ ವಂದಿಸಿದಳು. ಮೈಕಿನವರಿಗೆ ಎಂದಾಗ ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ, “ಕೊನೆಯವರೆಗೂ ಕುಳಿತು ಶಾಂತಚಿತ್ತರಾಗಿ ಆಲಿಸಿದ ಸಮಸ್ತ ಸಭಿಕರಿಗೆ” ಎಂದು, ಮೊದಲ ಸಾಲಿನಲ್ಲಿ ಒಬ್ಬಳೇ ಕುಳಿತಿದ್ದ ನನ್ನತ್ತ ತಿರುಗಿ ಕೈ ಮುಗಿದಳು.

ವಾರದಿಂದ ಕೇಳಿ ಕೇಳಿ ಆ ಸಾಲು ನನಗೂ ಬಾಯಿಗೆ ಬಂದಿತ್ತು. ಆದರೂ ಎದ್ದು ನಿಂತು ಕೈ ಮುಗಿದೆ.