ಇಂಗಿನ ಪಾಠ

ಮಗಳಿಗೆ ಇಂಗ್ಲಿಷ್ ಶಾಲೆಯಲ್ಲಿ ಸೀಟು ಬೇಕಾದರೆ ಅಪ್ಪ ಅಮ್ಮ ಇಬ್ಬರೂ ಸಂದರ್ಶನಕ್ಕೆ ಹೋಗಬೇಕಿತ್ತು. ಅಪ್ಪನಿಗೆ ತನ್ನ ಇಂಗ್ಲಿಷಿನ ಬಗ್ಗೆ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಹೆಂಡತಿಯ ಇಂಗ್ಲಿಷಿನದು. ಹ್ಯಾಪಿ, ಸ್ಯಾಡ್, ಟೈರ್ಡ್ ಎಂದು ವಾರದಿಂದ ಅವಳಿಗೆ ಗುಣವಾಚಕಗಳನ್ನು ಕಲಿಸುತ್ತಿದ್ದ.

"ಐ ಆಮ್ ಟೈರಿಂಗ್," ಎಂದಳು ಅವಳು, ಸಾರಿನಲ್ಲಿ ಸೌಟಾಡಿಸುತ್ತ.

"ಟೈರ್ಡ್ ಕಣೇ, ಟೈರ್ಡ್! ಎಷ್ಟು ಸಲ ಬಡ್ಕೋಬೇಕು? ಕೊನೇಲಿ ಇಂಗ್ ಹಾಕಬೇಡ."

"ಅಯ್ಯೋ, ಆಗಲೇ ಹಾಕ್ಬಿಟ್ಟೆನಲ್ರೀ."

ಅವನು ಹಣೆ ಹಣೆ ಚಚ್ಚಿಕೊಂಡ. "ಸಾರಿಗಲ್ಲ, ಮಾತಿಗೆ! ನಿನ್ನ ತಲೇಲಿ ಇರೋದು ಬರೀ ಜೇಡಿಮಣ್ಣಾ? ನಾಳೆ ನನ್ನ ಮಾನ ಹರಾಜು ಹಾಕ್ತೀಯ."

"ಬೈಬೇಡಿ. ಸ್ವಲ್ಪ ಬಿಡಿಸಿ ಹೇಳಿ."

"ಕಾಟ ಕೊಟ್ಟು ಸುಸ್ತು ಮಾಡೋರು ಟೈರಿಂಗ್. ಆ ಕಾಟ ಸಹಿಸಿ ಸಹಿಸಿ ಸುಸ್ತಾಗೋರು ಟೈರ್ಡ್. ಇಷ್ಟೇ. ಎಮ್ಮೆಗೆ ಹೇಳಿದ್ರೂ ಅರ್ಥ ಆಗ್ತಿತ್ತು."

ಅವಳ ಕೈಯಲ್ಲಿ ಸೌಟು ಹಾಗೇ ನಿಂತಿತು. "ಕೊಡೋರು ಟೈರಿಂಗ್, ಸಹಿಸೋರು ಟೈರ್ಡ್," ಎಂದು ಮೆಲ್ಲಗೆ ತನಗೇ ಹೇಳಿಕೊಂಡಳು.

ಮರುದಿನ ಹೆಡ್‌ಮಿಸ್ಟ್ರೆಸ್ ಅವನೊಂದಿಗೆ ಮಾತು ಮುಗಿಸಿ ಅವಳ ಕಡೆ ನೋಡಿದರು. ನೀವಿಬ್ಬರೂ ಮನೆಯಲ್ಲಿ ಹೇಗಿರುತ್ತೀರಿ ಎಂದು ಇಂಗ್ಲಿಷಿನಲ್ಲಿ ನಗುತ್ತ ಕೇಳಿದರು. ತಪ್ಪಿಲ್ಲದೆ ಹೇಳಿದರೆ ಸಾಕು ದೇವರೇ ಎಂದುಕೊಂಡ ಅವನು.

"ಐ ಆಮ್ ಟೈರ್ಡ್, ಮೇಡಂ," ಎಂದು ಅವಳು ಅವನತ್ತ ತಿರುಗಿ, ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿದಳು, "ಹೀ ಈಸ್ ಟೈರಿಂಗ್."