ಹನ್ನೆರಡನೆಯ ಗಂಡು

"ಇದು ಈರಣ್ಣ," ಎಂದಳು ಶೈಲಜಾ.

ಗೋಡೆಯ ಮೇಲೆ ಬಿದ್ದ ಸ್ಲೈಡಿನ ಚಿತ್ರದಲ್ಲಿ, ಸತ್ತ ಹಸುವಿನ ಪಕ್ಕದಲ್ಲಿ ಒಂದು ಗಂಡು ಸಿಂಹ ನಿಂತಿತ್ತು. ಕಪ್ಪು ಕೇಸರ, ಮುಂಗಾಲಿನಲ್ಲಿ ರಕ್ತ, ಹಿಂದೆ ದೂರದಲ್ಲಿ ನೈರೋಬಿಯ ಕಟ್ಟಡಗಳ ಸಾಲು. ಡಾಕ್ಟರ್ ಲಕ್ಷ್ಮೀಶ ನಕ್ಕುಬಿಟ್ಟ.

"ಈರಣ್ಣ! ಸೋದರಮಾವನ ಹೆಸರಾ ಮೇಡಂ? ಇವನ ಪಾರ್ಟ್‌ನರ್ ಯಾರು, ಹನುಮಂತಾನಾ?"

"ಹೌದು ಸರ್, ಹನುಮಂತನೇ."

ಭಾನುವಾರದ ಮಧ್ಯಾಹ್ನ ಲ್ಯಾವಿಂಗ್ಟನ್ ಬಡಾವಣೆಯ ಈ ಹಜಾರಕ್ಕೆ ಬರಲು ಒಪ್ಪಿದ್ದೇ ತಪ್ಪು ಎಂದುಕೊಂಡ ಲಕ್ಷ್ಮೀಶ. ಸಿಂಹಗಳ ಮೇಲೆ ಪರದೇಶದಲ್ಲಿ ಡಾಕ್ಟರೇಟ್ ಪಡೆದು, ನಾಲ್ಕು ತಿಂಗಳ ಹಿಂದೆ ಸಲಹೆಗಾರನಾಗಿ ನೈರೋಬಿಗೆ ಬಂದವನು ಅವನು. ಎದುರಿಗಿದ್ದದ್ದು ಭಾನುವಾರದ ಸಿಂಹವೀಕ್ಷಕರ ಸಂಘ. ಕಾರ್ಯದರ್ಶಿ ವಿಶ್ವನಾಥ, ಯಾವುದೋ ಪ್ಲಾಸ್ಟಿಕ್ ಕಾರ್ಖಾನೆಯ ಮ್ಯಾನೇಜರ್. ಶೈಲಜಾ, ಔಷಧಿ ಕಂಪನಿಯಲ್ಲಿ ಮಾತ್ರೆ ಪರೀಕ್ಷಿಸುವ ಕೆಮಿಸ್ಟ್. ಊರಂಚಿನ ಪಾರ್ಕಿನ ಸಿಂಹಗಳ ಎಂಟು ವರ್ಷದ ಲೆಕ್ಕವನ್ನು ಇವಳು ಚಪ್ಪಲಿ ಡಬ್ಬಿಗಳಲ್ಲಿ ತುಂಬಿಟ್ಟಿದ್ದಳು. ಮಾತ್ರೆ ಎಣಿಸಿದ ಹಾಗೆ ಸಿಂಹ ಎಣಿಸುವ ಹೆಂಗಸು!

ಮೂಲೆಯ ಸೋಫಾದಲ್ಲಿ ಪಾರ್ಕಿನ ವಾರ್ಡನ್ ಮುತುವಾ ಕುಳಿತಿದ್ದ. ಅವನ ತೊಡೆಯ ಮೇಲಿದ್ದದ್ದು ಹಸು ಕೊಂದ ಸಿಂಹಕ್ಕೆ ಗುಂಡಿಕ್ಕುವ ಆದೇಶ. ಎಲ್ಲ ಸಹಿಗಳೂ ಬಿದ್ದಿದ್ದವು. ಯಾವ ಸಿಂಹ ಎಂಬ ಜಾಗ ಮಾತ್ರ ಖಾಲಿ ಇತ್ತು. ಲಕ್ಷ್ಮೀಶ ಹೇಳಿದ್ದನ್ನು ಅಲ್ಲಿ ತುಂಬಬೇಕು.

"ಈರಣ್ಣ ಹೋದರೆ ಹನುಮಂತ ಒಂಟಿ ಆಗ್ತಾನೆ ಸರ್," ಎಂದಳು ಶೈಲಜಾ, ತಗ್ಗಿದ ದನಿಯಲ್ಲಿ. "ತೆಂಕಲಿನ ಮೂರು ಗಂಡುಗಳು ತಿಂಗಳೊಳಗೆ ನುಗ್ತವೆ. ಗುಂಪಿನಲ್ಲಿ ಈಗ ಆರು ಮರಿ ಇವೆ. ಒಂದನ್ನೂ ಉಳಿಸಲ್ಲ."

"ನನಗೇ ಪಾಠಾನಾ?" ಲಕ್ಷ್ಮೀಶ ಹುಬ್ಬೇರಿಸಿದ. "ಸೆಂಟಿಮೆಂಟ್ ಆಚೆ ಇಡಿ. ಮೊದಲು ಪಿಕ್ಚರ್ ಶಾರ್ಪ್ ಮಾಡಿ. ಇಷ್ಟು ಹೊತ್ತು ಸರಿಯಾಗಿತ್ತು, ಇದೊಂದೇ ಸ್ಲೈಡ್ ಮಸುಕು. ನೆಟ್ಟಗೆ ಒಂದು ಪ್ರೊಜೆಕ್ಟರ್ ನಡೆಸೋಕೂ ಬರಲ್ವಾ?"

"ಸಾರಿ ಸರ್." ಅವಳು ಲೆನ್ಸ್ ತಿರುಗಿಸಿದಳು. ಸಿಂಹದ ಮೀಸೆಯ ಬುಡದ ಚುಕ್ಕಿಗಳು ಸ್ಪಷ್ಟವಾದವು.

ವಿಶ್ವನಾಥ ಮುಂದಕ್ಕೆ ಬಾಗಿದ. "ಇದೆಲ್ಲಿ ತೆಗೆದದ್ದು ಶೈಲಜಾ ಅವರೇ? ನಮ್ಮ ಸಿಟಿ ಯಾಕೋ ಒಂಥರಾ ಕಾಣ್ತಿದೆಯಲ್ಲ..."

"ಸಾರ್, ಬಿಲ್ಡಿಂಗ್ ನೋಡೋಕೆ ಬಂದಿದೀರಾ, ಸಿಂಹ ನೋಡೋಕಾ?" ಲಕ್ಷ್ಮೀಶ ಸಿಡುಕಿದ.

ವಿಶ್ವನಾಥ ಪೆಚ್ಚಾಗಿ ಹಿಂದಕ್ಕೊರಗಿದ. ಲಕ್ಷ್ಮೀಶ ಎದ್ದು ಗೋಡೆಯ ಬಳಿ ನಿಂತ. ಮೀಸೆಯ ಚುಕ್ಕಿಗಳು ಸಿಂಹಗಳ ಬೆರಳಚ್ಚು ಇದ್ದಂತೆ ಎಂದು ಮುತುವಾನಿಗೆ ಇಂಗ್ಲಿಷಿನಲ್ಲಿ ವಿವರಿಸಿದ. ಒಂದರದ್ದು ಇನ್ನೊಂದಕ್ಕಿಲ್ಲ. ಒಂದೇ ಸಿಂಹದಲ್ಲೂ ಎಡಕೆನ್ನೆಯ ವಿನ್ಯಾಸ ಬೇರೆ, ಬಲಕೆನ್ನೆಯದು ಬೇರೆ. ಅದಕ್ಕೇ ಪ್ರತಿ ಸಿಂಹಕ್ಕೂ ಎರಡು ಕಾರ್ಡು.

"ಇಲ್ಲಿ ಕಾಣ್ತಿರೋದು ಬಲಕೆನ್ನೆ. ಬಲದ ಕಾರ್ಡುಗಳನ್ನ ಕೊಡಿ."

ಪಾರ್ಕಿನ ಹನ್ನೊಂದು ವಯಸ್ಕ ಗಂಡುಗಳ ಹನ್ನೊಂದು ಕಾರ್ಡುಗಳನ್ನು ಅವಳು ಮೇಜಿನ ಮೇಲೆ ಹರಡಿದಳು. ಲಕ್ಷ್ಮೀಶ ಒಂದೊಂದನ್ನೇ ಗೋಡೆಗೆ ಹಿಡಿದು ನೋಡಿದ. ಈರಣ್ಣನದು ಹೊಂದಲಿಲ್ಲ. ಹನುಮಂತನದು ಹೊಂದಲಿಲ್ಲ. ಯಾವುದೂ ಹೊಂದಲಿಲ್ಲ. ಅವನ ಎದೆ ಹಿಗ್ಗಿತು.

"ಎಂಟು ವರ್ಷ ಇಲ್ಲೇ ಇದ್ದು ಒಂದಿಡೀ ಸಿಂಹ ಮಿಸ್ ಮಾಡಿದೀರಿ ಮೇಡಂ. ಕಂಗ್ರಾಜುಲೇಷನ್ಸ್."

"ಆದರೂ ನನಗೆ ಇದು ಈರಣ್ಣನೇ ಅನ್ನಿಸುತ್ತೆ ಸರ್."

"ಅನ್ನಿಸೋದು ಸೈನ್ಸ್ ಅಲ್ಲ!"

ಅವಳು ತಲೆ ತಗ್ಗಿಸಿದಳು. "ಹಾಗಾದರೆ ನೀವೇ ಬರೆದುಕೊಡಿ ಸರ್. ನಿಮ್ಮ ಸಹಿ ಇದ್ದರೆ ಯಾರೂ ಪ್ರಶ್ನೆ ಮಾಡಲ್ಲ."

ಲಕ್ಷ್ಮೀಶ ಬರೆದ. ಹೊರಗಿನಿಂದ ಬಂದ ಅಲೆಮಾರಿ ಗಂಡು, ಸಂಖ್ಯೆ ಹನ್ನೆರಡು. ಕೆಳಗೆ ತನ್ನ ಹೆಸರು, ಪದವಿ, ದಿನಾಂಕ: 17 ಆಗಸ್ಟ್ 2003. ಹೊರಡುವಾಗ ಸ್ಲೈಡನ್ನೂ ಜೇಬಿಗಿಳಿಸಿದ. ಅವಳು ಕಾರ್ಡುಗಳನ್ನು ಚಪ್ಪಲಿ ಡಬ್ಬಿಗೆ ಹಾಕಿ ಮುಚ್ಚಿದಳು.

ವನ್ಯಜೀವಿ ಇಲಾಖೆಯ ಜೀಪುಗಳು ಒಂಬತ್ತು ದಿನ ಹುಡುಕಿದವು. ಎರಡು ಸಲ ಈರಣ್ಣ ಎದುರಿಗೇ ಸಿಕ್ಕಿದ. ಬೈನಾಕ್ಯುಲರ್‌ನಲ್ಲಿ ಅವನ ಬಲಕೆನ್ನೆ ನೋಡಿ, "ಇವನಲ್ಲ, ಬಂದೂಕು ಇಳಿಸಿ," ಎಂದವನು ಲಕ್ಷ್ಮೀಶನೇ. ದನಗಾಹಿಗಳು ಅಷ್ಟರಲ್ಲಿ ಮುಳ್ಳುಬೇಲಿ ಎತ್ತರಿಸಿಕೊಂಡಿದ್ದರು, ಮತ್ತೆ ಹಸು ಸಾಯಲಿಲ್ಲ. ಅಲೆಮಾರಿ ತನ್ನ ಊರಿಗೆ ಮರಳಿದೆ ಎಂದು ಲಕ್ಷ್ಮೀಶ ವರದಿ ಕಳಿಸಿದ. ಆದೇಶ ರದ್ದಾಯಿತು. ಹನ್ನೆರಡನೆಯ ಗಂಡಿನ ಮೇಲೆ ಅವನು ಬರೆದ ಪ್ರಬಂಧವನ್ನು ಪರದೇಶದ ಪತ್ರಿಕೆಯೊಂದು ಒಪ್ಪಿಕೊಂಡಿತು. ಚಿತ್ರ ಕಳಿಸಿ ಎಂದು ಸಂಪಾದಕರು ಕೇಳಿದ್ದರು.

ಪಂಗಾನಿ ಬಡಾವಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಉಡುಪಿ ಕಡೆಯ ಮುದುಕ ಪುರುಷೋತ್ತಮ ಸ್ಲೈಡನ್ನು ಬೆಳಕಿಗೆ ಹಿಡಿದವನೇ ಕನ್ನಡಕ ಮೇಲೆತ್ತಿದ.

"ಇದೆಂಥ ಮಾರಾಯ್ರೆ, ಫಿಲಂ ಉಲ್ಟಾ ಉಂಟಲ್ಲ?"

"ಏನು ಉಲ್ಟಾ?"

"ಯಾರೋ ಫ್ರೇಮ್ ಬ್ಲೇಡಿನಲ್ಲಿ ಬಿಡಿಸಿ, ಫಿಲಂ ತಿರುಗಿಸಿ, ವಾಪಸ್ ಅಂಟಿಸಿದ್ದಾರೆ. ಚಂದ ಮಾಡಿ ಅಂಟಿಸಿದ್ದಾರೆ, ಗೊತ್ತೇ ಆಗುದಿಲ್ಲ. ಈ ಕಟ್ಟಡ ನೋಡಿ, ಈಚೆ ಇರಬೇಕಾದ್ದು ಆಚೆ ಹೋಗಿದೆ. ಕನ್ನಡಿಯಲ್ಲಿ ನೋಡಿದ ಹಾಗೆ."

ಮುದುಕ ಸ್ಲೈಡನ್ನು ಮಗುಚಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟ. ಲಕ್ಷ್ಮೀಶ ಭೂತಗನ್ನಡಿ ಹಿಡಿದು ಬಾಗಿದ. ಈಗ ಕಾಣುತ್ತಿದ್ದದ್ದು ಎಡಕೆನ್ನೆ. ಪ್ರಬಂಧಕ್ಕಾಗಿ ಎಲ್ಲ ಗಂಡುಗಳ ಎರಡೂ ಕಾರ್ಡು ತಿರುವಿ ಬಾಯಿಪಾಠ ಮಾಡಿದ್ದವನು ಚುಕ್ಕಿ ಎಣಿಸಿದ. ಮತ್ತೊಮ್ಮೆ ಎಣಿಸಿದ. ಎಷ್ಟು ಎಣಿಸಿದರೂ ಅದು ಈರಣ್ಣನೇ.

"ಸರಿ ಮಾಡಿ ಪ್ರಿಂಟ್ ತೆಗೀತೇನೆ, ಆಯ್ತಾ?"

ಲಕ್ಷ್ಮೀಶ ಬಾಗಿಲ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಹೇಳಿದ: "ಬೇಡ. ನಾನು ಕೊಟ್ಟ ಹಾಗೇ ತೆಗೀರಿ."