ಕಾಯಿಸಬಾರದ ಹಾಲು

ಮನುಷ್ಯರ ಕರುಳು ಪ್ರತಿಕಾಯ ತಯಾರಿಸುವುದನ್ನು ನಿಲ್ಲಿಸಿದಂದಿನಿಂದ, ದಿನಾ ಬೆಳಿಗ್ಗೆ ತಲೆಗೊಂದು ಲೋಟ ಕಾವಲುಹಾಲು ಡೈರಿಯಿಂದ ಬರುತ್ತದೆ. ಅದರಲ್ಲಿರುವ ಪ್ರತಿಕಾಯ ಬ್ಯಾಕ್ಟೀರಿಯಾಗಳನ್ನು ಹಿಡಿದು, ಅವು ಕರುಳಿನ ಗೋಡೆ ಮುಟ್ಟದಂತೆ ತಡೆಯುತ್ತದೆ. ಅದನ್ನು ಕುಡಿಯದೆ ಯಾರೂ ಊಟ ಮಾಡುವಂತಿಲ್ಲ.

ಇಂದು ಮಗುವಿನ ಪಾಲಿನ ಹಾಲು ಒಲೆಯ ಮೇಲೆ ಉಕ್ಕುತ್ತಿತ್ತು.

“ಅತ್ತೆ, ಕಾಯಿಸಿದ್ರೆ ಅದರ ಶಕ್ತಿನೇ ಹೋಗುತ್ತಲ್ಲ” ಎಂದಳು ವಿನೋದಿನಿ.

“ಮಗೂಗೆ ಹಸಿಹಾಲು ಹೆಂಗಮ್ಮ ಕೊಡೋದು? ಕೈ ತಾನಾಗೇ ಒಲೆ ಹಚ್ಚಿಬಿಡ್ತು.”

ಹಸಿದ ಮಗು ಅನ್ನದ ತಟ್ಟೆಗೆ ಕೈ ಚಾಚುತ್ತಲೇ ಇತ್ತು. ವಿನೋದಿನಿ ತಟ್ಟೆಯನ್ನು ಮತ್ತೆ ಮತ್ತೆ ದೂರ ಸರಿಸಿದಳು. ತನ್ನ ಪಾಲನ್ನು ಆಗಲೇ ಕುಡಿದುಬಿಟ್ಟಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅತ್ತೆ ತಮ್ಮ ಲೋಟವನ್ನು ಮಗುವಿನ ಬಾಯಿಗೆ ಹಿಡಿದರು.

“ಮತ್ತೆ ನಿಮ್ಮ ಊಟ?”

“ನಂಗೆ ಇವತ್ತು ಏಕಾದಶಿ ಕಣೆ.”

ಏಕಾದಶಿ ಮೊನ್ನೆಯೇ ಮುಗಿದಿತ್ತು.